ಸಿರಿವಂತ ಕುಟುಂಬಗಳ ಹಣ ನೋಡಿಕೊಳ್ಳುವ ಕೆಲಸ: ಒಳಗೇನಿದೆ, ಎಲ್ಲಿ ಎಡವುತ್ತಾರೆ

ಪ್ರಶ್ನೆ: ಎಂಟು ವರ್ಷದಿಂದ ಬ್ಯಾಂಕಿನ ವ್ಯಾಪಾರ ಸಾಲಗಳ ವಿಭಾಗದಲ್ಲಿದ್ದೇನೆ. ಈಗ ವೆಲ್ತ್ ಮ್ಯಾನೇಜ್‌ಮೆಂಟ್ ಸಂಸ್ಥೆಯೊಂದು ಸಿರಿವಂತ ಕುಟುಂಬಗಳನ್ನು ನೋಡಿಕೊಳ್ಳುವ ರಿಲೇಶನ್‌ಶಿಪ್ ಮ್ಯಾನೇಜರ್ ಹುದ್ದೆಗೆ ಕರೆದಿದೆ. ಷೇರುಪೇಟೆಯ ಆಳವಾದ ತಿಳಿವಳಿಕೆ ನನಗಿಲ್ಲ. ಈ ಕೆಲಸದಲ್ಲಿ ನಿಜವಾಗಿ ಮಾಡುವುದೇನು, ಏನು ಕಲಿಯಬೇಕು, ಜನ ಎಲ್ಲಿ ಎಡವುತ್ತಾರೆ? ಕೊನೆಗೆ ಇದೂ ಪ್ರಾಡಕ್ಟ್ ಮಾರುವ ಕೆಲಸವೇ ಎಂಬ ಅನುಮಾನವಿದೆ. ಒಪ್ಪಿಕೊಳ್ಳುವ ಮೊದಲು ಏನೇನು ಕೇಳಬೇಕು?

ಉತ್ತರ: ಷೇರುಪೇಟೆಯ ಬಗ್ಗೆ ಅಷ್ಟು ತಲೆಕೆಡಿಸಿಕೊಳ್ಳಬೇಡಿ. ಯಾವ ಷೇರು, ಯಾವ ಬಾಂಡ್ ಎಂದು ಆರಿಸುವವರು ಸಂಸ್ಥೆಯೊಳಗೆ ಬೇರೆಯೇ ಇರುತ್ತಾರೆ. ಕುಟುಂಬದ ಎದುರು ಕೂರುವವರ ಕೆಲಸ ಬೇರೆ: ಯಾರಿಗೆ, ಯಾವಾಗ, ಎಷ್ಟು ಹಣ ಬೇಕಾಗುತ್ತದೆ ಎಂದು ತಿಳಿದುಕೊಳ್ಳುವುದು, ಆ ದಿನ ಬಂದಾಗ ಹಣ ಕೈಗೆ ಸಿಗುವಂತೆ ನೋಡಿಕೊಳ್ಳುವುದು. ದೊಡ್ಡ ಆಸ್ತಿಗಳು ಕರಗುವುದು ಸಾಮಾನ್ಯವಾಗಿ ತಪ್ಪು ಷೇರು ಕೊಂಡಿದ್ದರಿಂದಲ್ಲ. ಎಲ್ಲವೂ ಒಂದೇ ಕಡೆ ಇದ್ದದ್ದು, ಅದರ ಮೇಲೆ ಸಾಲ ಮಾಡಿದ್ದು, ಬೇಕಾದಾಗ ಹಣ ಲಾಕ್ ಆಗಿದ್ದು, ಕಾಗದಪತ್ರ ಸರಿಯಿಲ್ಲದೆ ಮನೆಯವರು ಕೋರ್ಟಿಗೆ ಹೋಗಿದ್ದು, ಇವೇ ಕಾರಣಗಳು. ಈ ನಾಲ್ಕರಲ್ಲಿ ಮೂರನ್ನು ಸಾಲ ವಿಭಾಗದಲ್ಲಿದ್ದವರು ಬೇಗ ಹಿಡಿಯುತ್ತಾರೆ. ಮಾರಾಟದ ಕಡೆಯಿಂದ ಬಂದವರಿಗೆ ಬ್ಯಾಲೆನ್ಸ್ ಶೀಟ್ ಓದುವ ಅಭ್ಯಾಸ ಇರುವುದಿಲ್ಲ. ನಿಮಗಿದೆ.

ಮೊದಲ ಕೆಲಸ: ಪಟ್ಟಿ

ಹೊಸ ಕುಟುಂಬ ಬಂದಾಗ ಹೂಡಿಕೆಯ ಮಾತೆತ್ತುವ ಮೊದಲು ಆಸ್ತಿ ಮತ್ತು ಹೊಣೆಗಳ ಪಟ್ಟಿಯಾಗಬೇಕು. ಒಂದೊಂದು ಆಸ್ತಿಯ ಎದುರೂ ಇಷ್ಟು ಬರೆಯಿರಿ: ಯಾರ ಹೆಸರಿನಲ್ಲಿದೆ, ಒಬ್ಬರದೋ ಜಂಟಿಯೋ ಕಂಪನಿಯದೋ ಟ್ರಸ್ಟಿನದೋ, ಎಲ್ಲಿದೆ, ಇವತ್ತಿನ ಬೆಲೆ ಎಷ್ಟು, ಆ ಬೆಲೆ ಕಟ್ಟಿದವರು ಯಾರು, ಯಾವ ತಾರೀಕಿನಲ್ಲಿ, ನಗದು ಮಾಡಲು ಎಷ್ಟು ದಿನ ಬೇಕು, ಮಾರಿದರೆ ತೆರಿಗೆ ಎಷ್ಟು, ಯಾವುದಾದರೂ ಸಾಲಕ್ಕೆ ಅಡವಿಟ್ಟಿದೆಯೇ, ನಾಮಿನಿ ಯಾರು. ಕೊನೆಯ ಮೂರು ಕಾಲಂ ಖಾಲಿ ಬಿಟ್ಟ ಪಟ್ಟಿಗಳೇ ಹೆಚ್ಚು. ತೊಂದರೆ ಹುಟ್ಟುವುದೂ ಅಲ್ಲಿಂದಲೇ.

ಒಂದು ಲೆಕ್ಕ ನೋಡಿ. ಕುಟುಂಬವೊಂದರ ಒಟ್ಟು ಆಸ್ತಿ 100 ಎಂದುಕೊಳ್ಳಿ. ಅದರಲ್ಲಿ 55 ಸ್ವಂತ ಕಂಪನಿಯ ಷೇರು. 25 ಕಟ್ಟಡ, ಜಮೀನು. 8 ಸಾಲಕ್ಕೆ ಅಡವಿಟ್ಟ ಬಾಂಡ್‌ಗಳು. ಉಳಿದ 12 ಮಾತ್ರ ಯಾವ ಹಂಗೂ ಇಲ್ಲದ ಹಣ. ಮನೆಯ ವಾರ್ಷಿಕ ಖರ್ಚು 4. ಅಂದರೆ ಕಂಪನಿಯಿಂದ ಡಿವಿಡೆಂಡ್ ನಿಂತರೆ ಈ ‘100’ರ ಕುಟುಂಬಕ್ಕೆ ಮೂರು ವರ್ಷದ ಉಸಿರಿದೆ, ಅಷ್ಟೆ. ಇದರ ಮೇಲೆ, ಕಂಪನಿಯ ಬ್ಯಾಂಕ್ ಸಾಲಕ್ಕೆ ಯಜಮಾನರು 20ರಷ್ಟಕ್ಕೆ ವೈಯಕ್ತಿಕ ಗ್ಯಾರಂಟಿ ಕೊಟ್ಟಿದ್ದರೆ? ಅದು ಅವರ ಯಾವ ಸ್ಟೇಟ್‌ಮೆಂಟಿನಲ್ಲೂ ಕಾಣುವುದಿಲ್ಲ. ಕೇಳದೆ ಅವರಾಗಿ ಹೇಳುವುದೂ ಇಲ್ಲ, ಏಕೆಂದರೆ ಅವರ ಮನಸ್ಸಿನಲ್ಲಿ ಅದು ಸಾಲವೇ ಅಲ್ಲ, ಹಿಂದೆಂದೋ ಹಾಕಿದ ಸಹಿ. ಕಂಪನಿ ಕಷ್ಟಕ್ಕೆ ಬಿದ್ದರೆ 55 ಕುಸಿಯುವ ಅದೇ ತಿಂಗಳು 20ರ ಗ್ಯಾರಂಟಿಯೂ ಮೇಲೆ ಬೀಳುತ್ತದೆ. ‘ಯಾರಿಗಾದರೂ, ಯಾವಾಗಲಾದರೂ, ಯಾವ ಸಾಲಕ್ಕಾದರೂ ಜಾಮೀನು ನಿಂತಿದ್ದೀರಾ?’ ಎಂದು ಮೊದಲ ಭೇಟಿಯಲ್ಲೇ ನೇರವಾಗಿ ಕೇಳಿ. ಮನೆಯ ಇತರ ವಯಸ್ಕರನ್ನೂ ಬೇರೆಯಾಗಿ ಕೇಳಿ.

ಇದರ ಜೊತೆಗೆ ಕೆವೈಸಿ, ಅಂದರೆ ಗ್ರಾಹಕರು ಯಾರು, ಅವರ ಹಣ ಎಲ್ಲಿಯದು ಎಂಬ ಪರಿಶೀಲನೆ. ಇಲ್ಲಿ ಎರಡು ಪ್ರಶ್ನೆಗಳನ್ನು ಬೆರೆಸಿ ಗೊಂದಲ ಮಾಡಿಕೊಳ್ಳುವವರು ಬಹಳ. ಈಗ ಖಾತೆಗೆ ಬರುತ್ತಿರುವ ಹಣ ಎಲ್ಲಿಂದ ಬಂತು ಎಂಬುದು ಒಂದು. ಇಡೀ ಆಸ್ತಿ ಹೇಗೆ ಬೆಳೆಯಿತು ಎಂಬುದು ಇನ್ನೊಂದು. ಮೊದಲನೆಯದಕ್ಕೆ ಅನೇಕ ವೇಳೆ ಬ್ಯಾಂಕ್ ಸ್ಟೇಟ್‌ಮೆಂಟ್ ಸಾಕಾಗುತ್ತದೆ. ಎರಡನೆಯದಕ್ಕೆ ಕಂಪನಿ ಲೆಕ್ಕಪತ್ರ, ಮಾರಾಟ ಒಪ್ಪಂದ, ಪಿತ್ರಾರ್ಜಿತವಾದರೆ ಅದರ ದಾಖಲೆ, ಇಷ್ಟೂ ಬೇಕು. ಅಕ್ರಮ ಹಣದ ವಿರುದ್ಧ ಜಾಗತಿಕ ಮಾನದಂಡ ರೂಪಿಸುವ ಎಫ್‌ಎಟಿಎಫ್ 1989ರಲ್ಲಿ ಹುಟ್ಟಿದ್ದು. ಈಗ ಬಹುತೇಕ ದೇಶಗಳ ಕಾನೂನು ಅದನ್ನೇ ಅನುಸರಿಸುತ್ತದೆ. ತೆರಿಗೆ ನಿವಾಸ ಯಾವ ದೇಶದ್ದು ಎಂಬ ಸ್ವಯಂ ಘೋಷಣೆಯೂ ಕಡ್ಡಾಯ. 2014ರಲ್ಲಿ ಒಇಸಿಡಿ ಎಂಬ ಅಂತರರಾಷ್ಟ್ರೀಯ ಸಂಘಟನೆ ತಂದ ಸಿಆರ್‌ಎಸ್ ಎಂಬ ಮಾಹಿತಿ ವಿನಿಮಯ ವ್ಯವಸ್ಥೆಯಡಿ, ಅದಕ್ಕೆ ಸೇರಿದ ದೇಶಗಳ ನಡುವೆ ಖಾತೆಯ ವಿವರ ತಾನಾಗಿ ಹೋಗುತ್ತದೆ. ‘ಸುಮ್ಮನೆ ಫಾರ್ಮಾಲಿಟಿ, ಇಲ್ಲೊಂದು ಸಹಿ ಹಾಕಿ’ ಎಂದು ಮುಗಿಸಿಬಿಡಬೇಡಿ. ಇನ್ನೊಂದು ಮುಖ್ಯ ವಿಷಯ: ಅನುಮಾನಾಸ್ಪದ ವ್ಯವಹಾರದ ವರದಿ ಸಲ್ಲಿಕೆಯಾಗಿದ್ದರೆ ಅದರ ಸುಳಿವನ್ನು ಗ್ರಾಹಕರಿಗೆ ಕೊಡುವುದೇ ಹಲವು ದೇಶಗಳಲ್ಲಿ ಅಪರಾಧ. ಎಷ್ಟೇ ಹತ್ತಿರದವರಾದರೂ ಬಾಯಿ ಬಿಡುವಂತಿಲ್ಲ.

ಗ್ರಾಹಕರು ಎಂದರೆ ಯಾರು?

ಖಾತೆ ಯಜಮಾನರ ಹೆಸರಿನಲ್ಲಿರುತ್ತದೆ, ಫೋನ್ ಮಾಡುವವರು ಮಗ, ಕಾಗದ ಕಳಿಸುವವರು ಮನೆಯ ಲೆಕ್ಕಪರಿಶೋಧಕರು, ‘ಇದು ಬೇಡ’ ಎಂದು ನಿಜಕ್ಕೂ ತೀರ್ಮಾನಿಸುವವರು ಪತ್ನಿ. ಇವರಲ್ಲಿ ಯಾರ ಮಾತಿಗೆ ಹಣ ಕದಲಬೇಕು ಎಂಬುದನ್ನು ಖಾತೆ ತೆರೆಯುವ ದಿನವೇ ಬರಹದಲ್ಲಿ ಪಡೆಯಿರಿ. ಯಾರು ಆದೇಶ ಕೊಡಬಹುದು, ಎಷ್ಟರವರೆಗೆ, ಯಾರು ಮಾಹಿತಿ ಮಾತ್ರ ನೋಡಬಹುದು, ಯಾರಿಗೆ ಎರಡೂ ಇಲ್ಲ. ‘ಅಪ್ಪನ ಹತ್ತಿರ ಒಟ್ಟು ಎಷ್ಟಿದೆ ಸಾರ್?’ ಎಂದು ಮಗ ನಗುತ್ತಾ ಕೇಳಿದಾಗ, ಅಪ್ಪನ ಲಿಖಿತ ಒಪ್ಪಿಗೆ ಇಲ್ಲದಿದ್ದರೆ ಉತ್ತರ ಒಂದೇ: ‘ಅವರನ್ನೇ ಕೇಳಿ, ಮೂವರೂ ಒಟ್ಟಿಗೆ ಕೂರೋಣ.’ ಇದರಿಂದ ಮಗನಿಗೆ ಬೇಸರವಾಗುವುದಿಲ್ಲ. ಮುಂದೆ ತನ್ನ ಗುಟ್ಟನ್ನೂ ಇವರು ಹೀಗೇ ಕಾಯುತ್ತಾರೆ ಎಂದು ಗೊತ್ತಾಗುತ್ತದೆ.

ಯಜಮಾನರು ತೀರಿಕೊಂಡ ಮೇಲೆ ಖಾತೆ ಬೇರೆ ಕಡೆಗೆ ಹೋಯಿತು ಎಂಬ ದೂರನ್ನು ಈ ವೃತ್ತಿಯಲ್ಲಿ ಎಲ್ಲರೂ ಹೇಳುತ್ತಾರೆ. ಕಾರಣ ಗುಟ್ಟೇನಲ್ಲ. ಹತ್ತು ವರ್ಷ ಆ ಮನೆಗೆ ಹೋಗಿಬಂದವರು ಪತ್ನಿಯ ಜೊತೆ ಹಣದ ವಿಷಯ ಒಂದು ಮಾತೂ ಆಡಿರುವುದಿಲ್ಲ. ಇದಕ್ಕೆ ಪರಿಹಾರವೂ ಸರಳ. ವರ್ಷಕ್ಕೊಂದು ಭೇಟಿಗೆ ಮನೆಯ ವಯಸ್ಕರೆಲ್ಲರೂ ಇರಲಿ. ಒಂದೇ ಪುಟದ ಸಾರಾಂಶವನ್ನು ಅವರು ಓದುವ ಭಾಷೆಯಲ್ಲೇ ಕೊಡಿ: ಏನಿದೆ, ಎಲ್ಲಿದೆ, ವರ್ಷಕ್ಕೆ ಎಷ್ಟು ಬರುತ್ತದೆ, ಏನಾದರೂ ಆದರೆ ಮೊದಲು ಯಾರಿಗೆ ಫೋನ್ ಮಾಡಬೇಕು.

ವಯಸ್ಸಾದವರ ವಿಷಯದಲ್ಲಿ ಇನ್ನೊಂದು ಎಚ್ಚರ. ಹೇಳಿದ್ದನ್ನೇ ಮತ್ತೆ ಕೇಳುವುದು, ಇದ್ದಕ್ಕಿದ್ದಂತೆ ಹೊಸ ‘ಸ್ನೇಹಿತ’ರಿಗೆ ದೊಡ್ಡ ಮೊತ್ತ ಕಳಿಸಲು ಹೇಳುವುದು, ಸಹಿ ಬದಲಾಗುವುದು ಕಂಡರೆ ಅಷ್ಟರಲ್ಲಿ ತಡವಾಗಿರುತ್ತದೆ. ಸಾಮಾನ್ಯ ಮುಖ್ತಿಯಾರ್ ಪತ್ರ (ಪವರ್ ಆಫ್ ಅಟಾರ್ನಿ) ಕೊಟ್ಟವರ ವಿವೇಚನಾಶಕ್ತಿ ಹೋದ ಕ್ಷಣವೇ ಅನೇಕ ದೇಶಗಳ ಕಾನೂನಿನಲ್ಲಿ ರದ್ದಾಗುತ್ತದೆ, ಅಂದರೆ ಬೇಕಾದ ಹೊತ್ತಿಗೇ ಅದು ಕೆಲಸಕ್ಕೆ ಬಾರದು. ಶಕ್ತಿ ಹೋದ ಮೇಲೂ ನಡೆಯುವ ಬಗೆಯ ಪತ್ರಕ್ಕೆ ನಿಮ್ಮ ಕಡೆಯ ಕಾನೂನಿನಲ್ಲಿ ಅವಕಾಶವಿದೆಯೇ ಎಂದು ವಕೀಲರನ್ನು ಕೇಳಿ, ಹಿರಿಯರು ಗಟ್ಟಿಯಾಗಿರುವಾಗಲೇ ಮಾಡಿಸಬೇಕು. ಉಯಿಲು, ಟ್ರಸ್ಟ್‌ಗಳ ಕರಡು ಬರೆಯುವುದು ನಿಮ್ಮ ಕೆಲಸವಲ್ಲ. ಅವು ಇವೆಯೇ, ಪಟ್ಟಿಯಲ್ಲಿರುವ ಆಸ್ತಿಗೂ ಅವುಗಳಲ್ಲಿ ಬರೆದದ್ದಕ್ಕೂ ತಾಳೆಯಾಗುತ್ತದೆಯೇ, ನಾಮಿನಿಯ ಹೆಸರು ಉಯಿಲಿಗೆ ವಿರುದ್ಧವಾಗಿದೆಯೇ ಎಂದು ನೋಡುವುದು ನಿಮ್ಮ ಕೆಲಸ.

ಹೂಡಿಕೆ ನೀತಿ ಬರಹದಲ್ಲಿರಲಿ

ಮೂರು ನಾಲ್ಕು ಪುಟದ ಹೂಡಿಕೆ ನೀತಿ ಪತ್ರವೊಂದು ಬೇಕು. ಯಾವ ಗುರಿಗೆ ಯಾವ ವರ್ಷ ಎಷ್ಟು, ಯಾವ ಕರೆನ್ಸಿಯಲ್ಲಿ, ಎಷ್ಟು ನಷ್ಟ ತಡೆಯಬಲ್ಲರು, ಯಾವ ಆಸ್ತಿಯಲ್ಲಿ ಶೇಕಡಾ ಎಷ್ಟು, ಎಷ್ಟು ಏರುಪೇರಾದರೆ ಸರಿಹೊಂದಿಸಬೇಕು, ಯಾವುದಕ್ಕೆ ಕೈಹಾಕಬಾರದು, ಯಾವ ಸೂಚ್ಯಂಕದ ಜೊತೆ ಹೋಲಿಸಬೇಕು, ತೀರ್ಮಾನ ಯಾರದು. ಕರೆನ್ಸಿಯನ್ನು ಮರೆಯುವವರು ಬಹಳ. ಮಕ್ಕಳ ಓದಿನ ಖರ್ಚು ಒಂದು ದೇಶದ ಹಣದಲ್ಲಿ, ಉಳಿತಾಯ ಇನ್ನೊಂದು ದೇಶದ ಹಣದಲ್ಲಿ ಇದ್ದರೆ ಮಾರುಕಟ್ಟೆ ಸರಿಯಾಗಿದ್ದೂ ಗುರಿ ತಪ್ಪಬಹುದು.

ರಿಸ್ಕ್ ಪ್ರೊಫೈಲ್ ಎಂಬ ಹತ್ತು ಪ್ರಶ್ನೆಗಳ ಫಾರ್ಮನ್ನು ನಿಯಮಕ್ಕಾಗಿ ತುಂಬಿಸಲೇಬೇಕು. ಅದನ್ನೇ ನಂಬಿ ಕೂರಬೇಡಿ. ನಷ್ಟ ತಡೆಯುವ ಮನಸ್ಸು ಬೇರೆ, ತಡೆಯುವ ತಾಕತ್ತು ಬೇರೆ. ಮೇಲೆ ಹೇಳಿದ 12ರ ಕುಟುಂಬದ ಯಜಮಾನರು ಸ್ವಭಾವದಲ್ಲಿ ಎಷ್ಟೇ ಗಟ್ಟಿಗರಾದರೂ ಆ 12ರ ಮೇಲೆ ಆಟ ಆಡುವ ತಾಕತ್ತು ಆ ಮನೆಗಿಲ್ಲ. ಗಳಿಕೆಯ ಸಂತೋಷಕ್ಕಿಂತ ಅಷ್ಟೇ ಮೊತ್ತದ ನಷ್ಟದ ನೋವು ದೊಡ್ಡದು ಎಂದು ಮನಶ್ಶಾಸ್ತ್ರಜ್ಞರಾದ ಕಾಹ್ನೆಮನ್ ಮತ್ತು ಟ್ವರ್ಸ್ಕಿ 1979ರಲ್ಲೇ ಬರೆದರು. ಹಾಗಾಗಿ ‘ಶೇ. 20 ಇಳಿದರೆ ಪರವಾಗಿಲ್ಲವೇ?’ ಎಂದು ಕೇಳಬೇಡಿ. ಶೇಕಡಾ ಲೆಕ್ಕ ಯಾರನ್ನೂ ನೋಯಿಸುವುದಿಲ್ಲ. ಅದನ್ನು ಮೊತ್ತಕ್ಕೆ ತಿರುಗಿಸಿ, ಅವರ ಮನೆಯ ಎಷ್ಟು ವರ್ಷದ ಖರ್ಚಿಗೆ ಸಮ ಎಂದು ಹೇಳಿ, ಆಮೇಲೆ ಮುಖ ನೋಡಿ.

ಈ ಪತ್ರ ಕೆಲಸಕ್ಕೆ ಬರುವುದು ಮಾರುಕಟ್ಟೆ ಬಿದ್ದಾಗ. 60 ಷೇರು, 40 ಬಾಂಡ್ ಎಂದಿಟ್ಟುಕೊಳ್ಳಿ. ಷೇರು ಶೇ. 30 ಬಿತ್ತು, ಬಾಂಡ್ ಹಾಗೇ ಇದೆ. ಈಗ 42 ಮತ್ತು 40, ಒಟ್ಟು 82. ಷೇರಿನ ಪಾಲು ಶೇ. 51ಕ್ಕೆ ಇಳಿದಿದೆ. ಐದು ಶೇಕಡಾ ಅಂಶಕ್ಕಿಂತ ಹೆಚ್ಚು ಸರಿದರೆ ಸರಿಹೊಂದಿಸಬೇಕು ಎಂದು ನೀತಿಯಲ್ಲಿದ್ದರೆ 7.2ರಷ್ಟು ಬಾಂಡ್ ಮಾರಿ ಷೇರು ಕೊಳ್ಳಬೇಕು. ಎಲ್ಲರೂ ಹೆದರಿ ಮಾರುತ್ತಿರುವಾಗ ಕೊಳ್ಳಿ ಎನ್ನಲು ನಿಮ್ಮ ವಾಕ್ಚಾತುರ್ಯ ಸಾಲದು. ‘ಎರಡು ವರ್ಷದ ಹಿಂದೆ ನೀವೇ ಸಹಿ ಹಾಕಿದ ಪುಟ ಇದು’ ಎಂದು ಮುಂದಿಟ್ಟರೆ ಮಾತುಕತೆ ಬೇರೆ ದಾರಿ ಹಿಡಿಯುತ್ತದೆ. ಹಾಗೆ ಹೇಳುವ ಧೈರ್ಯ ಬರಬೇಕಾದರೆ ಮುಂದಿನ ಎರಡು ಮೂರು ವರ್ಷದ ಮನೆಖರ್ಚು ನಗದು ಮತ್ತು ಅಲ್ಪಾವಧಿ ಬಾಂಡ್‌ಗಳಲ್ಲಿ ಬೇರೆ ಇರಬೇಕು.

ಒಂದೇ ಕಂಪನಿಯ ಷೇರು

ಸಿರಿವಂತ ಕುಟುಂಬಗಳಲ್ಲಿ ಅತಿ ಸಾಮಾನ್ಯ ಕಾಯಿಲೆ ಇದು. ಆಸ್ತಿಯ ಶೇ. 60 ಒಂದೇ ಷೇರಿನಲ್ಲಿದ್ದು ಅದು ಅರ್ಧವಾದರೆ ಒಟ್ಟು ಆಸ್ತಿಯಲ್ಲಿ ಶೇ. 30 ಹೋಯಿತು. ಆ ಷೇರು ಮೊದಲಿನ ಜಾಗಕ್ಕೆ ಬರಬೇಕಾದರೆ ದುಪ್ಪಟ್ಟಾಗಬೇಕು. ಇದು ಅವರಿಗೂ ಗೊತ್ತು. ಆದರೂ ಮಾರುವುದಿಲ್ಲ. ತಾವೇ ಕಟ್ಟಿದ್ದು ಎಂಬ ಮಮತೆ, ತೆರಿಗೆ, ಹಿಡಿತ ಕೈಬಿಡುವ ಭಯ, ‘ಪ್ರವರ್ತಕರೇ ಮಾರುತ್ತಿದ್ದಾರಂತೆ’ ಎಂಬ ಮಾತು ಹಬ್ಬುವ ಅಳುಕು. ಇವುಗಳಲ್ಲಿ ಯಾವುದು ನಿಜವಾದ ತಡೆ ಎಂದು ಮೊದಲು ತಿಳಿದುಕೊಳ್ಳಬೇಕು. ತೆರಿಗೆ ಎಂದು ಹೇಳುವವರಲ್ಲಿ ಅನೇಕರ ಮನಸ್ಸಿನಲ್ಲಿರುವುದು ಮಮತೆ.

ನಡೆಯುವ ದಾರಿ ಎಂದರೆ ಬೆಲೆ ನೋಡದೆ ದಿನಾಂಕ ನೋಡಿ ಮಾರುವುದು. ಮೂರು ತಿಂಗಳಿಗೊಮ್ಮೆ ಮೂಲ ಪಾಲಿನ ಶೇ. 5ರಂತೆ ಮಾರಿದರೆ ಮೂರು ವರ್ಷದಲ್ಲಿ ಶೇ. 60 ಹೊರಬರುತ್ತದೆ, ಉಳಿದದ್ದು ಕೈಯಲ್ಲೇ ಇರುತ್ತದೆ. ಪಟ್ಟಿಯಾದ ಕಂಪನಿಯ ಒಳಗಿನವರಾದರೆ ಇನ್‌ಸೈಡರ್ ನಿಯಮಗಳು (ಒಳಗಿನ ಗುಟ್ಟು ತಿಳಿದವರು ಅದರ ಬಲದ ಮೇಲೆ ಷೇರು ವ್ಯವಹಾರ ಮಾಡದಂತೆ ತಡೆಯುವವು) ಅಡ್ಡ ಬರುತ್ತವೆ. ಅದಕ್ಕಾಗಿಯೇ ಮುಂಚಿತವಾಗಿ ಬರೆದಿಟ್ಟ ಮಾರಾಟ ಯೋಜನೆಗೆ ಕೆಲವು ದೇಶಗಳಲ್ಲಿ ಅವಕಾಶವಿದೆ, ಅಮೆರಿಕದಲ್ಲಿ 2000ದಲ್ಲಿ ಬಂದ 10ಬಿ5-1 ನಿಯಮ ಅಂಥದ್ದು. ಮಾರಲು ಸುತಾರಾಂ ಒಪ್ಪದಿದ್ದರೆ ಪುಟ್ ಆಪ್ಷನ್ (ಗೊತ್ತುಪಡಿಸಿದ ಬೆಲೆಗೆ ಷೇರು ಮಾರುವ ಹಕ್ಕು) ಕೊಂಡು, ಅದರ ವೆಚ್ಚ ತುಂಬಲು ಕಾಲ್ ಆಪ್ಷನ್ (ಗೊತ್ತುಪಡಿಸಿದ ಬೆಲೆಗೆ ಕೊಳ್ಳುವ ಹಕ್ಕು) ಬೇರೆಯವರಿಗೆ ಮಾರುವ ಕಾಲರ್ ಎಂಬ ವ್ಯವಸ್ಥೆ ಇದೆ. ಏರಿಕೆಯ ಲಾಭ ಒಂದು ಮಟ್ಟದ ಮೇಲೆ ಬಿಟ್ಟುಕೊಡಬೇಕಾಗುತ್ತದೆ ಎಂಬುದನ್ನು ಮಾತ್ರ ಮೊದಲೇ ಬಿಡಿಸಿ ಹೇಳಿ.

ಷೇರು, ಬಾಂಡ್ ಅಡವಿಟ್ಟು ಸಾಲ

ಇಲ್ಲಿ ಸ್ವಲ್ಪ ಹೊತ್ತು ನಿಲ್ಲಬೇಕು. ನಿಮ್ಮ ಹಳೆಯ ಅನುಭವ ಅತ್ಯಂತ ಬೆಲೆಬಾಳುವುದು ಈ ಜಾಗದಲ್ಲಿ. ‘ನಿಮ್ಮ ಪೋರ್ಟ್‌ಫೋಲಿಯೊ ಮೇಲೆ ಅಗ್ಗದ ಸಾಲ ಸಿಗುತ್ತದೆ, ಇನ್ನಷ್ಟು ಬಾಂಡ್ ಕೊಳ್ಳಿ’ ಎಂಬ ಸಲಹೆಯಿಂದ ಸಂಸ್ಥೆಗೆ ಬಡ್ಡಿಯೂ ಬರುತ್ತದೆ, ಹೆಚ್ಚಿನ ಮೊತ್ತದ ಮೇಲೆ ಶುಲ್ಕವೂ ಬರುತ್ತದೆ. ಹಾಗಾಗಿ ಅದನ್ನು ಮಾರುವ ಒತ್ತಡ ಸದಾ ಇರುತ್ತದೆ.

ಗ್ರಾಹಕರ ಸ್ವಂತ ಹಣ 50, ಸಾಲ 50, ಒಟ್ಟು ಹೂಡಿಕೆ 100. ಬಾಂಡ್ ವರ್ಷಕ್ಕೆ ಶೇ. 5 ಕೊಡುತ್ತದೆ, ಸಾಲಕ್ಕೆ ಶೇ. 2. ಬಂದದ್ದು 5, ಬಡ್ಡಿಗೆ 1, ಉಳಿದದ್ದು 4. ಸ್ವಂತ 50ರ ಮೇಲೆ ಶೇ. 8! ಕೇಳಲು ಚೆಂದ. ಈಗ ಒಪ್ಪಂದದ ಸಣ್ಣ ಅಕ್ಷರ ಓದಿ. ಸಾಲವು ಹೂಡಿಕೆಯ ಮೌಲ್ಯದ ಶೇ. 60 ದಾಟಿದರೆ ಮಾರ್ಜಿನ್ ಕಾಲ್, ಅಂದರೆ ಹಣ ತುಂಬಿ ಇಲ್ಲವೇ ಹೂಡಿಕೆ ಮಾರಿ ಸಾಲವನ್ನು ಶೇ. 50ಕ್ಕೆ ಮತ್ತೆ ತನ್ನಿ ಎಂಬ ತಾಕೀತು. 50ರ ಸಾಲಕ್ಕೆ ಶೇ. 60 ಆಗುವುದು ಪೋರ್ಟ್‌ಫೋಲಿಯೊ 83ಕ್ಕೆ ಇಳಿದಾಗ, ಅಂದರೆ ಶೇ. 17 ಬಿದ್ದರೆ ಸಾಕು. ಅದು 80ಕ್ಕೆ ಬಿತ್ತು ಎನ್ನಿ. ಹೊರಗಿನಿಂದ ಹಣ ತರಲಾಗದಿದ್ದರೆ ಎಷ್ಟು ಮಾರಬೇಕು? 20. ಮಾರಿ ಸಾಲ ತೀರಿಸಿದ ಮೇಲೆ ಹೂಡಿಕೆ 60, ಸಾಲ 30, ಸ್ವಂತದ್ದು 30. ಮಾರುಕಟ್ಟೆ ಬಿದ್ದದ್ದು ಶೇ. 20, ಗ್ರಾಹಕರು ಕಳೆದುಕೊಂಡದ್ದು ಶೇ. 40. ಮುಂದೆ ಬೆಲೆಗಳು ಪೂರ್ತಿ ಮೊದಲಿನ ಮಟ್ಟಕ್ಕೆ ಬಂದರೂ 60 ಆಗುವುದು 75, ಸಾಲ ಕಳೆದು 45. ಮಾರುಕಟ್ಟೆಗೆ ಏನೂ ಆಗದಂತಾಯಿತು, ಕುಟುಂಬಕ್ಕೆ ಹತ್ತರಲ್ಲೊಂದು ಪಾಲು ಶಾಶ್ವತವಾಗಿ ಹೋಯಿತು. ಈ ಲೆಕ್ಕವನ್ನು ಒಂದು ಹಾಳೆಯಲ್ಲಿ ಬರೆದು ಗ್ರಾಹಕರಿಂದ ಸಹಿ ಮಾಡಿಸಿಕೊಳ್ಳದೆ ಸಾಲದ ಅರ್ಜಿ ಮುಂದೆ ಕಳಿಸಬೇಡಿ.

ಇನ್ನೂ ಎರಡು ಅಪಾಯ ಇದರೊಳಗಿವೆ. ಬಡ್ಡಿ ದರ ಏರಿದಾಗ ಬಾಂಡ್ ಬೆಲೆ ಇಳಿಯುವುದೂ ಸಾಲದ ಬಡ್ಡಿ ಹೆಚ್ಚುವುದೂ ಒಟ್ಟಿಗೇ ಆಗುತ್ತದೆ. 2022ರಲ್ಲಿ ಅಮೆರಿಕದ ಕೇಂದ್ರ ಬ್ಯಾಂಕ್ ಫೆಡ್ ಶೂನ್ಯದ ಹತ್ತಿರವಿದ್ದ ದರವನ್ನು ವರ್ಷದ ಕೊನೆಗೆ ಶೇ. 4.25–4.50ಕ್ಕೆ ಏರಿಸಿದಾಗ ಇಂಥ ಖಾತೆಗಳಿಗೆ ಎರಡೂ ಕಡೆಯಿಂದ ಪೆಟ್ಟು ಬಿತ್ತು. ಎರಡನೆಯದು, ಹೆಚ್ಚು ಬಡ್ಡಿ ಕೊಡುವ ಬಾಂಡ್‌ನ ಕಾಗದವನ್ನು ಯಾರೂ ಓದಿರುವುದಿಲ್ಲ. 2023ರ ಮಾರ್ಚಿನಲ್ಲಿ ಕ್ರೆಡಿಟ್ ಸ್ವಿಸ್ ಬ್ಯಾಂಕನ್ನು ಇನ್ನೊಂದು ಬ್ಯಾಂಕಾದ ಯುಬಿಎಸ್‌ಗೆ ಒಪ್ಪಿಸಿದಾಗ ಸ್ವಿಸ್ ನಿಯಂತ್ರಕರು ಸುಮಾರು 1600 ಕೋಟಿ ಫ್ರಾಂಕ್ ಮುಖಬೆಲೆಯ ಎಟಿ1 ಬಾಂಡ್‌ಗಳನ್ನು (ಬ್ಯಾಂಕ್ ಕಷ್ಟಕ್ಕೆ ಬಿದ್ದರೆ ಅಳಿಸಿಹಾಕಬಹುದು ಎಂಬ ಷರತ್ತಿನವು) ಸೊನ್ನೆಗೆ ಇಳಿಸಲು ಆದೇಶಿಸಿದರು. ಷೇರುದಾರರಿಗೆ ಅಷ್ಟೋ ಇಷ್ಟೋ ಸಿಕ್ಕಿತು, ಈ ಬಾಂಡ್ ಹಿಡಿದವರಿಗೆ ಏನೂ ಇಲ್ಲ. ಬಾಂಡ್ ಎಂದರೆ ಷೇರಿಗಿಂತ ಭದ್ರ ಎಂದು ಕಣ್ಣುಮುಚ್ಚಿ ನಂಬಿದ್ದ ಎಷ್ಟೋ ಮಂದಿಗೆ ಆ ಷರತ್ತು ದಾಖಲೆಯಲ್ಲಿದ್ದುದೇ ಗೊತ್ತಿರಲಿಲ್ಲ. ಸಾಲದ ಬಲದ ಮೇಲೆ ಕೆಲವೇ ಷೇರುಗಳಲ್ಲಿ ದೊಡ್ಡ ಪಾಲು ಕಟ್ಟಿದರೆ ಏನಾಗುತ್ತದೆ ಎಂಬುದಕ್ಕೆ 2021ರ ಮಾರ್ಚಿನಲ್ಲಿ ಕುಸಿದ ಆರ್ಕಿಗೋಸ್ ಎಂಬ ಫ್ಯಾಮಿಲಿ ಆಫೀಸ್ (ಸಿರಿವಂತ ಕುಟುಂಬದ ಹಣವನ್ನಷ್ಟೇ ನಿರ್ವಹಿಸುವ ಸಂಸ್ಥೆ) ಉದಾಹರಣೆ. ಅದಕ್ಕೆ ಸಾಲ ಕೊಟ್ಟ ಅದೇ ಕ್ರೆಡಿಟ್ ಸ್ವಿಸ್ ಕಳೆದುಕೊಂಡದ್ದು ಸುಮಾರು 550 ಕೋಟಿ ಡಾಲರ್.

ಹಾಗೆಂದು ಇಂಥ ಸಾಲ ಯಾವಾಗಲೂ ಕೆಟ್ಟದ್ದಲ್ಲ. ಎರಡು ತಿಂಗಳಲ್ಲಿ ಹಣ ಬರುವುದು ಖಚಿತವಿದ್ದು ಮಧ್ಯದಲ್ಲಿ ತೆರಿಗೆ ಕಟ್ಟಬೇಕಾದರೆ ಒಳ್ಳೆಯ ಸಾಧನ. ತೀರಿಸುವ ದುಡ್ಡು ಎಲ್ಲಿಂದ ಬರುತ್ತದೆ ಎಂಬ ನಿಮ್ಮ ಹಳೆಯ ಪ್ರಶ್ನೆಯನ್ನೇ ಕೇಳಿ. ಉತ್ತರ ‘ಮಾರುಕಟ್ಟೆ ಏರಿದಾಗ’ ಎಂದಾದರೆ ಬೇಡ ಎನ್ನಿ.

ಲಾಕ್ ಆಗುವ ಹಣ

ಪ್ರೈವೇಟ್ ಇಕ್ವಿಟಿ ಫಂಡ್‌ಗೆ (ಷೇರುಪೇಟೆಯಲ್ಲಿಲ್ಲದ ಕಂಪನಿಗಳಲ್ಲಿ ಹಣ ತೊಡಗಿಸುವ ನಿಧಿ) ಹಣ ಒಮ್ಮೆಲೇ ಹೋಗುವುದಿಲ್ಲ. 10 ಕೊಡುತ್ತೇನೆ ಎಂದು ಸಹಿ ಹಾಕುತ್ತಾರೆ, ಫಂಡ್ ಮೂರರಿಂದ ಐದು ವರ್ಷದಲ್ಲಿ ಕಂತುಕಂತಾಗಿ ಕೇಳುತ್ತದೆ. ಕರೆ ಬಂದ ಮೇಲೆ ಸಾಮಾನ್ಯವಾಗಿ ಎರಡು ವಾರದೊಳಗೆ ಕಟ್ಟಬೇಕು. ತಪ್ಪಿದರೆ ಅದುವರೆಗೆ ಕಟ್ಟಿದ್ದರಲ್ಲಿ ದೊಡ್ಡ ಪಾಲು ಮುಟ್ಟುಗೋಲಾಗುವ ಷರತ್ತೂ ಇರುತ್ತದೆ. ಹಳೆಯ ಫಂಡ್‌ಗಳಿಂದ ಬರುವ ಹಣದಲ್ಲಿ ಹೊಸದಕ್ಕೆ ಕಟ್ಟೋಣ ಎಂಬ ಲೆಕ್ಕ ಕೈಕೊಡುವುದು ಬಿಕ್ಕಟ್ಟಿನಲ್ಲೇ: ಬರುವುದು ನಿಲ್ಲುತ್ತದೆ, ಕೇಳುವುದು ನಿಲ್ಲುವುದಿಲ್ಲ. ಹಾರ್ವರ್ಡ್ ವಿಶ್ವವಿದ್ಯಾಲಯದಂಥ ಸಂಸ್ಥೆಯೇ ಕೈಯಲ್ಲಿ ನಗದು ಸಾಲದೆ 2008ರ ಡಿಸೆಂಬರಿನಲ್ಲಿ 250 ಕೋಟಿ ಡಾಲರಿನ ಬಾಂಡ್ ಬಿಡುಗಡೆ ಮಾಡಬೇಕಾಯಿತು. ಕುಟುಂಬಗಳಿಗೆ ಬಾಂಡ್ ಬಿಡುವ ಅನುಕೂಲವಿಲ್ಲ. ಆದ್ದರಿಂದ ಇನ್ನೂ ಕಟ್ಟಬೇಕಾದ ಕಂತುಗಳ ಮೊತ್ತವನ್ನು ಸಾಲ ಎಂದೇ ಪಟ್ಟಿಯ ಹೊಣೆಯ ಕಡೆ ಬರೆಯಿರಿ. ಮನೆಖರ್ಚಿನ ನಗದು ಬಿಟ್ಟು ಬೇಗ ನಗದಾಗುವ ಉಳಿದ ಆಸ್ತಿ ಅದಕ್ಕಿಂತ ಹೆಚ್ಚಿರಬೇಕು.

ಶುಲ್ಕ, ಕಮಿಷನ್, ಮತ್ತು ನಿಮ್ಮ ಅನುಮಾನ

ಮಾರುವ ಕೆಲಸವೇ ಎಂಬ ಪ್ರಶ್ನೆಗೆ ಉತ್ತರ ಆ ಸಂಸ್ಥೆಗೆ ಹಣ ಎಲ್ಲಿಂದ ಬರುತ್ತದೆ ಎಂಬುದರಲ್ಲಿದೆ. ಗ್ರಾಹಕರೇ ನೇರವಾಗಿ ಶುಲ್ಕ ಕೊಡುವ ಪದ್ಧತಿ ಒಂದು. ಪ್ರಾಡಕ್ಟ್ ತಯಾರಿಸಿದವರು ಕಮಿಷನ್ ಕೊಡುವುದು ಇನ್ನೊಂದು. ಎರಡನೆಯದರಲ್ಲಿ ಎಷ್ಟೇ ಒಳ್ಳೆಯ ಮನುಷ್ಯರಾದರೂ ಸಲಹೆ ಒಂದು ಕಡೆಗೆ ವಾಲುತ್ತದೆ. ಬ್ರಿಟನ್ 2012ರ ಕೊನೆಯ ದಿನದಿಂದ, ಆಸ್ಟ್ರೇಲಿಯಾ 2013ರ ಜುಲೈನಿಂದ ಹೂಡಿಕೆ ಸಲಹೆಗೆ ಕಮಿಷನ್ ನಿಲ್ಲಿಸಿದ್ದು ಇದಕ್ಕೇ. ಭಾರತದಲ್ಲೂ ಷೇರುಪೇಟೆ ನಿಯಂತ್ರಕ ಸೆಬಿ 2013ರ ನಿಯಮಗಳಲ್ಲಿ ಸಲಹೆಗಾರರನ್ನು ಬೇರೆ ವರ್ಗ ಮಾಡಿತು. ಒಂದೇ ಗ್ರಾಹಕರಿಗೆ ಸಲಹೆಯ ಶುಲ್ಕ, ಮಾರಾಟದ ಕಮಿಷನ್ ಎರಡನ್ನೂ ಪಡೆಯುವಂತಿಲ್ಲ ಎಂದು 2020ರ ತಿದ್ದುಪಡಿ ಹೇಳಿತು.

ಶೇ. 1 ಎಂದರೆ ಏನು ಮಹಾ ಎನ್ನುವವರಿಗೆ ಈ ಲೆಕ್ಕ ತೋರಿಸಿ: 100ರ ಮೊತ್ತ ವರ್ಷಕ್ಕೆ ಶೇ. 6ರಂತೆ 30 ವರ್ಷ ಬೆಳೆದರೆ 574. ಶೇ. 5ರಂತೆ 432. ಕಾಲು ಭಾಗ ಹೋಯಿತು. ಫಂಡಿನ ಒಳಗಿನ ವೆಚ್ಚ, ಕಸ್ಟೋಡಿಯನ್ (ಆಸ್ತಿಯನ್ನು ಕಾಪಾಡಿಟ್ಟುಕೊಳ್ಳುವ ಸಂಸ್ಥೆ) ಶುಲ್ಕ, ಕರೆನ್ಸಿ ಬದಲಾವಣೆಯ ಅಂತರ, ನಿಮ್ಮ ಶುಲ್ಕ ಇವೆಲ್ಲವನ್ನೂ ಕೂಡಿಸಿ ಒಂದೇ ಅಂಕಿಯಾಗಿ ವರ್ಷಕ್ಕೊಮ್ಮೆ ಗ್ರಾಹಕರಿಗೆ ಕೊಡಿ. ಅವರು ಕೇಳಿ ಪಡೆಯುವುದಕ್ಕಿಂತ ನೀವೇ ಹೇಳುವುದು ಮೇಲು.

ದಿನದ ಕೆಲಸ, ದಿನದ ಅಪಾಯ

ದಿನದ ಬಹುಪಾಲು ಹೋಗುವುದು ತಯಾರಿ ಮತ್ತು ಟಿಪ್ಪಣಿಯಲ್ಲಿ. ಭೇಟಿ ಮುಗಿದ ದಿನವೇ ಬರೆಯಿರಿ: ಅವರು ಏನು ಕೇಳಿದರು, ನೀವು ಏನು ಸೂಚಿಸಿದಿರಿ, ಯಾವ ಅಪಾಯ ಹೇಳಿದಿರಿ, ಅವರು ಯಾವುದನ್ನು ಬೇಡ ಎಂದರು, ಏಕೆ. ಅದನ್ನೇ ಮೇಲ್ ಮಾಡಿ. ಸಲಹೆಗೆ ವಿರುದ್ಧವಾಗಿ ಏನಾದರೂ ಕೊಳ್ಳುತ್ತೇನೆ ಎಂದರೆ ಅದನ್ನೂ ಅಲ್ಲೇ ದಾಖಲಿಸಿ. ಆರು ವರ್ಷದ ಮೇಲೆ ತಕರಾರು ಬಂದಾಗ ಇಬ್ಬರ ನೆನಪೂ ಸಾಕ್ಷಿಯಾಗುವುದಿಲ್ಲ.

ಹಣ ಪಾವತಿಯ ವಂಚನೆ ಈಗ ದೊಡ್ಡ ತಲೆನೋವು. ಗ್ರಾಹಕರ ಮೇಲ್ ಹ್ಯಾಕ್ ಆಗಿರುತ್ತದೆ. ‘ಮೀಟಿಂಗ್‌ನಲ್ಲಿದ್ದೇನೆ, ಫೋನ್ ಮಾಡಬೇಡಿ, ಈ ಖಾತೆಗೆ ತುರ್ತಾಗಿ ಕಳಿಸಿ’ ಎಂದು ಅವರದೇ ಧಾಟಿಯಲ್ಲಿ ಬರುತ್ತದೆ. ನಿಯಮ ಒಂದೇ: ಹೊಸ ಖಾತೆಗೆ ಪಾವತಿ ಎಂದರೆ ನಿಮ್ಮ ಕಡತದಲ್ಲಿ ಮೊದಲೇ ಇರುವ ನಂಬರಿಗೆ ನೀವೇ ಫೋನ್ ಮಾಡಿ, ಧ್ವನಿ ಕೇಳಿ ಖಚಿತಪಡಿಸಿಕೊಳ್ಳಬೇಕು. ಮೇಲ್‌ನಲ್ಲಿ ಕೊಟ್ಟ ನಂಬರಿಗಲ್ಲ. ತುರ್ತು ಹೆಚ್ಚಿದಷ್ಟೂ ನೀವು ನಿಧಾನಿಸಿ. ಧ್ವನಿಯನ್ನೂ ನಕಲು ಮಾಡುವ ಕಾಲವಾದ್ದರಿಂದ ಕುಟುಂಬದ ಜೊತೆ ಮೊದಲೇ ಒಂದು ಗುಟ್ಟಿನ ಪ್ರಶ್ನೆ ಗೊತ್ತು ಮಾಡಿಕೊಂಡಿರುವುದು ಒಳ್ಳೆಯದು.

ಹಾಗೆಯೇ ಆಸ್ತಿ ಇಟ್ಟುಕೊಳ್ಳುವವರು, ನಿರ್ವಹಿಸುವವರು, ಲೆಕ್ಕ ಕೊಡುವವರು ಒಬ್ಬರೇ ಆಗಿರಬಾರದು. 2008ರ ಡಿಸೆಂಬರಿನಲ್ಲಿ ಬಯಲಾದ, ಅಮೆರಿಕದ ಹೂಡಿಕೆ ವ್ಯವಸ್ಥಾಪಕ ಮ್ಯಾಡಾಫ್‌ನ ವಂಚನೆ ಅಷ್ಟು ವರ್ಷ ನಡೆದದ್ದು ಮೂರೂ ಒಂದೇ ಕೈಯಲ್ಲಿದ್ದುದರಿಂದ. ಸ್ಟೇಟ್‌ಮೆಂಟ್ ಕಸ್ಟೋಡಿಯನ್‌ನಿಂದ ನೇರ ಗ್ರಾಹಕರಿಗೆ ಹೋಗಬೇಕು, ನಿಮ್ಮ ಕೈ ಹಾದು ಹೋಗಬಾರದು. ಗ್ರಾಹಕರು ಪ್ರೀತಿಯಿಂದ ಖಾಲಿ ಚೆಕ್ಕಿಗೆ, ಖಾಲಿ ಫಾರ್ಮಿಗೆ ಸಹಿ ಹಾಕಿ ‘ನಿಮ್ಮ ಹತ್ತಿರವೇ ಇರಲಿ’ ಎಂದರೆ ಅವರೆದುರೇ ಹರಿದುಹಾಕಿ.

ಓದಿನ ವಿಷಯ ಚಿಕ್ಕದಾಗಿ. ಕುಟುಂಬದ ಎದುರು ಕೂರುವವರಿಗೆ ಸಿಎಫ್‌ಪಿ (ಹಣಕಾಸು ಯೋಜನೆಯ ಅರ್ಹತೆ) ಹೆಚ್ಚು ಹೊಂದುತ್ತದೆ. ಮೂರು ಹಂತದ ಸಿಎಫ್‌ಎ (ಹೂಡಿಕೆ ವಿಶ್ಲೇಷಣೆಯ ಅರ್ಹತೆ) ಹೂಡಿಕೆ ತಂಡದವರಿಗೆ. ಟ್ರಸ್ಟ್, ಉತ್ತರಾಧಿಕಾರದ ಕಡೆ ಒಲವಿದ್ದರೆ 1991ರಲ್ಲಿ ಶುರುವಾದ ಸ್ಟೆಪ್ ಎಂಬ ಸಂಸ್ಥೆಯ ಕೋರ್ಸ್‌ಗಳಿವೆ. ಪರೀಕ್ಷೆಗಿಂತ ಮೊದಲು ಕಲಿಯಬೇಕಾದ್ದು ಬಾಂಡ್‌ನ ಡ್ಯುರೇಶನ್ (ಬಡ್ಡಿ ದರ ಬದಲಾದರೆ ಬೆಲೆ ಎಷ್ಟು ಅಲುಗುತ್ತದೆ ಎಂಬ ಅಳತೆ; ಅದು 7 ಇದ್ದರೆ, ಬಡ್ಡಿ ಒಂದು ಶೇಕಡಾ ಅಂಶ ಏರಿದಾಗ ಬೆಲೆ ಸುಮಾರು ಶೇ. 7 ಇಳಿಯುತ್ತದೆ) ಮತ್ತು ಸ್ಟ್ರಕ್ಚರ್ಡ್ ಪ್ರಾಡಕ್ಟ್‌ನ (ಷೇರು, ಸೂಚ್ಯಂಕದಂಥವುಗಳ ಏರಿಳಿತಕ್ಕೆ ಲಾಭವನ್ನು ಕಟ್ಟಿಹಾಕಿ ಹೊರಡಿಸುವ ಹೂಡಿಕೆ) ಟರ್ಮ್ ಶೀಟ್, ಅಂದರೆ ಷರತ್ತುಗಳ ಪುಟ ಓದುವುದು. ಅದರಲ್ಲಿ ಮೊದಲು ಹುಡುಕಬೇಕಾದ್ದು ಲಾಭದ ಅಂಕಿಯಲ್ಲ, ಅದನ್ನು ಹೊರಡಿಸಿದವರು ಯಾರು, ಅವರು ಮುಳುಗಿದರೆ ಏನು ಎಂಬುದು. ಅಮೆರಿಕದ ಲೆಹ್ಮನ್ ಬ್ಯಾಂಕ್ 2008ರ ಸೆಪ್ಟೆಂಬರಿನಲ್ಲಿ ಮುಳುಗಿದಾಗ ‘ಅಸಲು ಭದ್ರ’ ಎಂದು ಬರೆದಿದ್ದ ಅದರ ಸಾಲಪತ್ರಗಳ ಭದ್ರತೆಯೂ ಜೊತೆಗೇ ಮುಳುಗಿತು.

ಒಪ್ಪಿಕೊಳ್ಳುವ ಮೊದಲು ಕೇಳಬೇಕಾದ್ದು

ಒಬ್ಬರಿಗೆ ಎಷ್ಟು ಕುಟುಂಬ ಕೊಡುತ್ತಾರೆ? 50 ಕುಟುಂಬ, ವರ್ಷಕ್ಕೆ ನಾಲ್ಕು ಭೇಟಿ ಎಂದರೆ 200 ಭೇಟಿ. ತಯಾರಿ, ಭೇಟಿ, ಟಿಪ್ಪಣಿ ಸೇರಿ ಒಂದಕ್ಕೆ ಒಂದು ದಿನ ಹಿಡಿದರೂ 200 ದಿನ. ವರ್ಷದ ಕೆಲಸದ ದಿನಗಳು ಸುಮಾರು 240. ಅದಕ್ಕಿಂತ ಹೆಚ್ಚು ಕುಟುಂಬ ಕೊಡುವವರು ನಿಮ್ಮಿಂದ ಬಯಸುವುದು ಸಲಹೆಯನ್ನಲ್ಲ.

ನಿಮ್ಮ ಬೋನಸ್ ಯಾವುದರ ಮೇಲೆ ನಿಂತಿದೆ? ಹೊಸದಾಗಿ ತಂದ ಹಣ, ಪ್ರಾಡಕ್ಟ್‌ವಾರು ಆದಾಯ, ಸಾಲದ ಮೊತ್ತ ಇವುಗಳ ಮೇಲೆ ಮಾತ್ರವೋ, ಉಳಿದುಕೊಂಡ ಕುಟುಂಬಗಳ ಲೆಕ್ಕವೂ ಇದೆಯೋ? ತಿಂಗಳ ಟಾರ್ಗೆಟ್‌ಗೆ ನಿರ್ದಿಷ್ಟ ಪ್ರಾಡಕ್ಟ್‌ನ ಹೆಸರಿದ್ದರೆ ನಿಮ್ಮ ಅನುಮಾನ ನಿಜ. ಕಳೆದ ವರ್ಷ ಹೊರಗಿನಿಂದ ಬಂದ ಎಷ್ಟು ಪ್ರಾಡಕ್ಟ್‌ಗಳನ್ನು ಪರಿಶೀಲನಾ ಸಮಿತಿ ತಿರಸ್ಕರಿಸಿತು ಎಂದೂ ಕೇಳಿ. ಒಂದನ್ನೂ ತಿರಸ್ಕರಿಸದ ಸಮಿತಿ ಹೆಸರಿಗಷ್ಟೇ ಇದೆ. ನಿಮ್ಮ ಜಾಗದಲ್ಲಿ ಹಿಂದೆ ಇದ್ದವರು ಏಕೆ ಬಿಟ್ಟರು, ಅವರ ಕುಟುಂಬಗಳಲ್ಲಿ ಎಷ್ಟು ಇನ್ನೂ ಇವೆ ಎಂಬುದನ್ನು ತಪ್ಪದೆ ತಿಳಿದುಕೊಳ್ಳಿ.

ನೇಮಕಾತಿ ಪತ್ರದಲ್ಲಿ ಕೆಲಸ ಬಿಟ್ಟ ಮೇಲಿನ ಷರತ್ತುಗಳನ್ನು ನಿಧಾನವಾಗಿ ಓದಿ. ಎಷ್ಟು ತಿಂಗಳು ಹಳೆಯ ಗ್ರಾಹಕರನ್ನು ಸಂಪರ್ಕಿಸುವಂತಿಲ್ಲ, ನೀವಾಗಿ ತಂದ ಕುಟುಂಬಕ್ಕೂ ಅದು ಅನ್ವಯಿಸುತ್ತದೆಯೇ, ಬಾಕಿ ಬೋನಸ್ ಹಿಂಪಡೆಯುವ ಹಕ್ಕು ಅವರಿಗಿದೆಯೇ. ಬ್ಯಾಂಕಿನ ಸಾಲಗಾರರ ಪಟ್ಟಿಯನ್ನು ಜೊತೆಗೆ ತನ್ನಿ ಎಂದು ಸಂದರ್ಶನದಲ್ಲಿ ಬಾಯಿಮಾತಿನಲ್ಲಿ ಸೂಚಿಸಿದರೆ ಆ ಕೆಲಸ ಬೇಡ. ಆ ಮಾಹಿತಿ ಬ್ಯಾಂಕಿನದು, ಹೊತ್ತೊಯ್ದರೆ ಕೇಸು ಬೀಳುವುದು ನಿಮ್ಮ ಮೇಲೆ, ಅವರ ಮೇಲಲ್ಲ.